ಸರ್ವರ್ ದಿಢೀರ್ ಬಿದ್ದಾಗ ನಿಂತ ಕೆಲಸ ಎತ್ತಿಕೊಳ್ಳುವವರು ಯಾರು? ಶೆಡ್ಯೂಲರ್ ಆರಿಸುವವರಿಗೊಂದು ಹೋಲಿಕೆ

"ಸಾ, ಎರಡ್ ಸಲ ಮೆಸೇಜ್ ಬಂದದೆ. ದುಡ್ಡೂ ಎರಡ್ ಸಲ ಬತ್ತದಾ?"

ಬೆಳಗ್ಗೆ ಆರೂವರೆಗೆ ಮದ್ದೂರು ಕಡೆಯ ಹಾಲಿನ ಸಂಘವೊಂದರ ಕಾರ್ಯದರ್ಶಿ ಫೋನ್ ಮಾಡಿ, ಉತ್ಪಾದಕರೊಬ್ಬರು ತಮಗೆ ಕೇಳಿದ ಪ್ರಶ್ನೆಯನ್ನು ಹಾಗೇ ನನಗೆ ದಾಟಿಸಿದರು. ದುಡ್ಡು ಎರಡು ಸಲ ಹೋಗಿರಲಿಲ್ಲ, ಪುಣ್ಯ. ಆದರೆ ಬಟವಾಡೆ ಮೆಸೇಜು ಎರಡೆರಡು ಹೋಗಿತ್ತು, ಅದೂ ರಾತ್ರಿ ಎರಡು ಗಂಟೆಗೆ. ಬೆಳಗಿನ ಜಾವ ನಾಲ್ಕೂವರೆಗೆ ಹಾಲು ಕರೆಯಲು ಏಳುವವರನ್ನು ಎರಡಕ್ಕೇ ಎಬ್ಬಿಸಿದ ಪಾಪ ನಮ್ಮದು.

ನಡೆದದ್ದು ಇಷ್ಟು. ಮೈಸೂರಿನ ಹೂಟಗಳ್ಳಿಯ ನಮ್ಮ ಪುಟ್ಟ ಆಫೀಸಿನಲ್ಲಿ ಎರಡು ಸರ್ವರ್‌ಗಳು ಒಂದೇ ಡೇಟಾಬೇಸ್ ಹಂಚಿಕೊಂಡು ಕ್ವಾರ್ಟ್ಜ್ ಎಂಬ ಶೆಡ್ಯೂಲರನ್ನು (ಹೊತ್ತಿಗೆ ಸರಿಯಾಗಿ ಕೆಲಸ ಶುರುಮಾಡಿಸುವ ಸಾಫ್ಟ್‌ವೇರನ್ನು) ಕ್ಲಸ್ಟರ್ ಮಾದರಿಯಲ್ಲಿ, ಅಂದರೆ ಒಂದು ಗುಂಪಾಗಿ ಸೇರಿ, ಓಡಿಸುತ್ತಿದ್ದವು. ರಾತ್ರಿ ಒಂದೂ ನಲವತ್ತರ ಹೊತ್ತಿಗೆ ಕರೆಂಟ್ ಹೋಯಿತು, ಮೊದಲ ಸರ್ವರಿನ ಯುಪಿಎಸ್ ಕೈಕೊಟ್ಟಿತು. ಬಟವಾಡೆ ಲೆಕ್ಕ ಅರ್ಧಕ್ಕೆ ನಿಂತಿತು. ಎರಡನೆಯ ಸರ್ವರ್ ಅರ್ಧ ನಿಮಿಷದೊಳಗೆ ಅದನ್ನು ಎತ್ತಿಕೊಂಡು ಮತ್ತೆ ಶುರುಮಾಡಿತು. ಅಲ್ಲಿಯವರೆಗೆ ಎಲ್ಲ ಪುಸ್ತಕದಲ್ಲಿ ಬರೆದಂತೆಯೇ. ಹತ್ತು ನಿಮಿಷದ ಮೇಲೆ ಕರೆಂಟ್ ಬಂದು ಮೊದಲ ಸರ್ವರ್ ಎದ್ದಿತಲ್ಲ, ಎಡವಟ್ಟಾದದ್ದು ಆಗ. ಅದರ ಗಡಿಯಾರದಲ್ಲಿ ಆಗ ಬೆಳಗ್ಗೆ ಏಳೂ ಇಪ್ಪತ್ತೆರಡು.

ಹಿಂದಿನ ವಾರ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಬದಲಿಸಿದಾಗ ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗಿನಲ್ಲಿ) ಗೋಡೆ ಗಡಿಯಾರ ನೋಡಿ ನಮ್ಮ ಸಮಯವನ್ನೇ ಹಾಕಿದ್ದರು. ಲಿನಕ್ಸ್ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಓದಿ, ಅದರ ಮೇಲೆ ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ. ಆಗ ನಾನೇ ಡೇಟ್ ಕಮಾಂಡ್ ಹಾಕಿ ಸಿಸ್ಟಂ ಸಮಯ ಸರಿಮಾಡಿದ್ದೆ. ಯಂತ್ರದ ಗಡಿಯಾರಕ್ಕೆ ಬರೆದಿರಲಿಲ್ಲ. ಸಮಯ ತಿದ್ದುವ ಕ್ರೋನಿ ಸರ್ವೀಸು ಬೂಟಿನಲ್ಲಿ ತಾನೇ ಏಳುವಂತೆಯೂ ಮಾಡಿರಲಿಲ್ಲ.

ಹೀಗೆ ಮುಂದಕ್ಕೋಡಿದ ಗಡಿಯಾರ ಹೊತ್ತ ಮೊದಲ ಸರ್ವರ್, ಡೇಟಾಬೇಸಿನಲ್ಲಿ ಎರಡನೆಯದರ ಕೊನೆಯ ಹಾಜರಿ ನೋಡಿತು. ಐದೂವರೆ ಗಂಟೆ ಹಳೆಯದು. "ಇದು ಸತ್ತಿದೆ" ಎಂದು ತೀರ್ಮಾನಿಸಿ, ಬದುಕಿ ದುಡಿಯುತ್ತಿದ್ದ ಯಂತ್ರದ ಕೈಯಿಂದ ಅದೇ ಬಟವಾಡೆ ಕೆಲಸ ಕಿತ್ತುಕೊಂಡು ಇನ್ನೊಮ್ಮೆ ಓಡಿಸಿತು. ಬೆಳಗ್ಗೆ ಆರರಿಂದ ಐದೈದು ನಿಮಿಷಕ್ಕೆ ಓಡಬೇಕಾದ ಮೆಸೇಜ್ ಕೆಲಸಕ್ಕೂ ಅದರ ಲೆಕ್ಕದಲ್ಲಿ ಹೊತ್ತು ಮೀರಿತ್ತು, ಅದನ್ನೂ ಹೊರಡಿಸಿತು. ಬ್ಯಾಂಕಿಗೆ ಹೋಗುವ ಹಣದ ಸಾಲುಗಳಿಗೆ ಮಾತ್ರ ಸಂಘದ ಕೋಡು, ಉತ್ಪಾದಕರ ನಂಬರು, ಬಟವಾಡೆ ಅವಧಿ ಮೂರೂ ಸೇರಿದ ಯುನೀಕ್ ಕೀ, ಅಂದರೆ ಒಂದೇ ಸಾಲು ಎರಡನೇ ಸಲ ಸೇರದಂತೆ ತಡೆಯುವ ಗುರುತು, ಇತ್ತು. ಎರಡನೆಯ ಸುತ್ತು ಅಲ್ಲಿ ಹಣೆ ಚಚ್ಚಿಕೊಂಡು ಎರರ್ ಎಸೆದು ನಿಂತಿತು. ಮೆಸೇಜಿನ ಟೇಬಲ್ಲಿಗೆ ಅಂಥ ಕೀ ಇರಲಿಲ್ಲ.

ಅಂದಿನಿಂದ ಯಾರಾದರೂ "ಯಾವ ಶೆಡ್ಯೂಲರ್ ಒಳ್ಳೇದು?" ಎಂದರೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಕೆಲಸ ಎರಡು ಸಲ ಆದರೆ ಕಷ್ಟವೋ, ಒಂದು ಸಲವೂ ಆಗದಿದ್ದರೆ ಕಷ್ಟವೋ? ಎರಡೂ ಕಷ್ಟ ಅನ್ನುವವರೇ ಜಾಸ್ತಿ. ಆದರೆ ಸರ್ವರ್ ಬಿದ್ದ ಗಳಿಗೆಯಲ್ಲಿ ಎರಡರಿಂದಲೂ ಕಾಪಾಡುವ ಶೆಡ್ಯೂಲರ್ ಇಲ್ಲ. ಕೆಲಸ ಎಲ್ಲಿಯವರೆಗೆ ಬಂದು ನಿಂತಿತ್ತು ಎಂಬುದು ಅದಕ್ಕೆ ಗೊತ್ತಿರುವುದಿಲ್ಲ.

ನೀರುಗಂಟಿ ಎದ್ದು ಹೋದ ಮೇಲೆ

ಮಂಡ್ಯ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನವರಿಗೆ ಇದನ್ನು ಬೇಗ ಹೇಳಬಹುದು. ಸರದಿ ಪ್ರಕಾರ ನೀರು ಬಿಡುತ್ತಿದ್ದ ನೀರುಗಂಟಿ ನಡುರಾತ್ರಿ ಜ್ವರ ಬಂದು ಮನೆಗೆ ಹೋದ ಅನ್ನಿ. ಒಂದು ಗದ್ದೆಯ ಹೆಸರು ಕೂಗಿದ್ದಾನೆ, ತೂಬು ಇನ್ನೂ ಎತ್ತಿಲ್ಲ. ಇನ್ನೊಂದಕ್ಕೆ ಅರ್ಧ ನೀರು ಹರಿದಿದೆ. ಮೂರನೆಯದರ ಸರದಿಯ ಹೊತ್ತೇ ಕಳೆದುಹೋಗಿದೆ. ಬದಲಿಗೆ ಬಂದವನು ಮೂರಕ್ಕೂ ಬೇರೆ ಬೇರೆ ತೀರ್ಮಾನ ತೆಗೆದುಕೊಳ್ಳಬೇಕು.

ಶೆಡ್ಯೂಲರಿನಲ್ಲೂ ಇವೇ ಮೂರು: ಹೆಸರು ಕೂಗಿದ ಕೆಲಸ, ಅರ್ಧಕ್ಕೆ ನಿಂತ ಕೆಲಸ, ಹೊತ್ತು ಮೀರಿದ ಕೆಲಸ. ಜಾಹೀರಾತಿನಲ್ಲಿ ಎಲ್ಲರೂ "ಫೇಲ್‌ಓವರ್ ಇದೆ", ಅಂದರೆ ಒಂದು ಬಿದ್ದರೆ ಇನ್ನೊಂದು ಎತ್ತಿಕೊಳ್ಳುತ್ತದೆ, ಅನ್ನುತ್ತಾರೆ. ಈ ಮೂರರಲ್ಲಿ ಯಾವುದಕ್ಕೆ ಎಂದು ಕೇಳಿದರೆ ಅರ್ಧ ಹೋಲಿಕೆ ಮುಗಿದ ಹಾಗೆ.

ಕ್ವಾರ್ಟ್ಜ್: ಮೂರಕ್ಕೂ ಉತ್ತರ ಇದೆ, ಆದರೆ ಎಲ್ಲವೂ ಸೆಟ್ಟಿಂಗಿನಲ್ಲಿ

ಜಾವಾ ಪ್ರಪಂಚದಲ್ಲಿ ಇದು ಹಳೆಯ ಎತ್ತು. ಪ್ರತಿ ಸರ್ವರ್ ಇಂತಿಷ್ಟು ಹೊತ್ತಿಗೊಮ್ಮೆ ಡೇಟಾಬೇಸಿನ ಶೆಡ್ಯೂಲರ್ ಸ್ಟೇಟ್ ಟೇಬಲ್ಲಿನಲ್ಲಿ ಹಾಜರಿ ಹಾಕುತ್ತದೆ. ನಾವು ಇಪ್ಪತ್ತು ಸೆಕೆಂಡು ಇಟ್ಟಿದ್ದೇವೆ. ಹಾಜರಿ ತಪ್ಪಿ, ಮೇಲೆ ಕೊಂಚ ವಿನಾಯಿತಿಯೂ ಕಳೆದರೆ ಬದುಕಿರುವ ಸರ್ವರ್‌ಗಳಲ್ಲಿ ಒಂದು ಲಾಕ್ ಹಿಡಿದು, ಸತ್ತದ್ದರ ಹೆಸರಿನಲ್ಲಿ ಫೈರ್ಡ್ ಟ್ರಿಗರ್ಸ್ ಟೇಬಲ್ಲಿನಲ್ಲಿ (ಟ್ರಿಗರ್ ಎಂದರೆ ಕೆಲಸ ಯಾವಾಗ ಓಡಬೇಕೆಂಬ ನಿಗದಿ) ಉಳಿದ ಸಾಲುಗಳನ್ನು ಒಂದೊಂದಾಗಿ ನೋಡುತ್ತದೆ.

ಹೆಸರು ಕೂಗಿದ ಕೆಲಸ, ಅಂದರೆ 'ಅಕ್ವೈರ್ಡ್' ಸ್ಥಿತಿಯದ್ದು, ಸದ್ದಿಲ್ಲದೆ 'ವೇಟಿಂಗ್'ಗೆ ಮರಳುತ್ತದೆ. ತಂಟೆ ಇಲ್ಲ.

ಅರ್ಧಕ್ಕೆ ನಿಂತದ್ದು, ಅಂದರೆ 'ಎಕ್ಸಿಕ್ಯೂಟಿಂಗ್', ಮತ್ತೆ ಓಡುತ್ತದೋ ಇಲ್ಲವೋ ಎಂಬುದು ಆ ಕೆಲಸದ ಮೇಲೆ ನೀವು 'ರಿಕ್ವೆಸ್ಟ್ಸ್ ರಿಕವರಿ' ಹಾಕಿದ್ದೀರಾ ಎಂಬುದರ ಮೇಲೆ ನಿಂತಿದೆ. ಡೀಫಾಲ್ಟಾಗಿ ಅದು ಇಲ್ಲ. ಹಾಕಿಲ್ಲದಿದ್ದರೆ ಆ ಸಾಲು ಅಳಿಸಿಹೋಗುತ್ತದೆ, ಕೆಲಸ ಮುಂದಿನ ಸರದಿಗೇ. ಕ್ಲಸ್ಟರ್ ಆನ್ ಮಾಡಿದ ಮಾತ್ರಕ್ಕೆ ನಿಂತ ಕೆಲಸ ತಾನೇ ಮುಂದುವರಿಯುತ್ತದೆ ಎಂದು ನಂಬಿಕೊಂಡ ಟೀಮುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಾಕಿದ್ದರೆ 'ರಿಕವರಿಂಗ್ ಜಾಬ್ಸ್' ಎಂಬ ಗುಂಪಿನಲ್ಲಿ ಹೊಸ ಟ್ರಿಗರ್ ಹುಟ್ಟಿ ಕೆಲಸ ಮೊದಲಿನಿಂದ ಓಡುತ್ತದೆ. ನಿಂತ ಜಾಗದಿಂದಲ್ಲ, ಮೊದಲಿನಿಂದ. ಆ ಓಟದಲ್ಲಿ ಕೋಡು "ಇದು ರಿಕವರಿಯೇ?" ಎಂದು ಕೇಳಿ ತಿಳಿದುಕೊಳ್ಳಬಹುದು, ಮೂಲ ಟ್ರಿಗರಿನ ಹೆಸರು ಮತ್ತು ಹೊತ್ತೂ ಸಿಗುತ್ತವೆ. ಈ ಸೌಲಭ್ಯವನ್ನು ಬಳಸುವವರು ಕಡಿಮೆ. ನಾವೀಗ ಬಟವಾಡೆ ಕೆಲಸದ ಮೊದಲ ಸಾಲಿನಲ್ಲೇ ಇದನ್ನು ಕೇಳಿ, ಹೌದಾದರೆ ಮುಗಿದಿರುವ ಸಂಘಗಳನ್ನು ಬಿಟ್ಟು ಉಳಿದವಕ್ಕೆ ಹೋಗುತ್ತೇವೆ.

ಹೊತ್ತು ಮೀರಿದ್ದಕ್ಕೆ 'ಮಿಸ್‌ಫೈರ್' ನಿಯಮ. ಡೀಫಾಲ್ಟಾಗಿ ಅರವತ್ತು ಸೆಕೆಂಡು ದಾಟಿದರೆ ತಪ್ಪಿಹೋದದ್ದು ಎಂದು ಲೆಕ್ಕ. ಐದು ನಿಮಿಷಕ್ಕೊಮ್ಮೆಯ ಕೆಲಸವಿದ್ದು ಎರಡೂ ಸರ್ವರ್ ಎರಡು ಗಂಟೆ ಮಲಗಿದ್ದವು ಅಂದುಕೊಳ್ಳಿ. ಕ್ರಾನ್ ಟ್ರಿಗರಿಗೆ (ದಿನ, ಗಂಟೆ, ನಿಮಿಷದ ನಮೂನೆಯಲ್ಲಿ ಬರೆದ ನಿಗದಿಗೆ) ನೀವು ಏನೂ ಹೇಳದಿದ್ದರೆ ಎದ್ದ ಕೂಡಲೇ ಒಂದು ಸಲ ಓಡಿ, ಆಮೇಲೆ ಮಾಮೂಲಿ ಸರದಿಗೆ ಬರುತ್ತದೆ. "ಏನೂ ಮಾಡಬೇಡ" ಎಂದರೆ ತಪ್ಪಿದ್ದು ತಪ್ಪಿತು. "ಮಿಸ್‌ಫೈರ್ ಲೆಕ್ಕಿಸಬೇಡ" ಎಂದರೆ ತಪ್ಪಿದ ಇಪ್ಪತ್ತನಾಲ್ಕೂ ಸಾಲಾಗಿ ನುಗ್ಗುತ್ತವೆ. ಈ ಕೊನೆಯ ಆಯ್ಕೆಯ ಹೆಸರು ಓದಿ ಅದೇ ಸುರಕ್ಷಿತ ಅಂದುಕೊಳ್ಳುವವರಿದ್ದಾರೆ. ಮೆಸೇಜಿನಂಥ ಕೆಲಸಕ್ಕೆ ಅದು ಸುತರಾಂ ಬೇಡ.

ಕ್ವಾರ್ಟ್ಜಿಗೆ ಮೂರು ಶತ್ರುಗಳಿವೆ. ಗಡಿಯಾರದ ಕಥೆ ಆಯಿತು: ಕ್ಲಸ್ಟರಿನ ಗಡಿಯಾರಗಳ ನಡುವೆ ಒಂದು ಸೆಕೆಂಡಿಗಿಂತ ಹೆಚ್ಚು ಅಂತರ ಇರಬಾರದು ಎಂದು ಅದರ ಕೈಪಿಡಿಯೇ ಹೇಳುತ್ತದೆ. ಎರಡನೆಯದು, ಒಂದೇ ಇನ್‌ಸ್ಟೆನ್ಸ್ ಐಡಿ (ಕ್ಲಸ್ಟರಿನಲ್ಲಿ ಪ್ರತಿ ಸರ್ವರಿನ ಹೆಸರು) ಎರಡು ಯಂತ್ರಕ್ಕೆ ಬೀಳುವುದು. ವರ್ಚುವಲ್ ಮಷೀನನ್ನು ಕ್ಲೋನ್ ಮಾಡಿ, ಕೈಯಲ್ಲಿ ಬರೆದ ಐಡಿಯನ್ನು ಬದಲಿಸಲು ಮರೆತರೆ, ಹೊಸದು ಏಳುವಾಗ ಹಳೆಯದರ ಸಾಲನ್ನು "ನನ್ನದೇ ಹಿಂದಿನ ಜನ್ಮ" ಎಂದುಕೊಂಡು ಅದರ ಕೈಲಿದ್ದ ಕೆಲಸವನ್ನೆಲ್ಲ ರಿಕವರಿಗೆ ಹಾಕುತ್ತದೆ. 'ಆಟೋ' ಎಂದು ಬಿಟ್ಟುಬಿಡಿ. ಮೂರನೆಯದು, ಯಾರೋ ಲ್ಯಾಪ್‌ಟಾಪಿನಿಂದ ಕ್ಲಸ್ಟರ್ ಸೆಟ್ಟಿಂಗ್ ಇಲ್ಲದ ಆ್ಯಪನ್ನು ಅಸಲಿ ಡೇಟಾಬೇಸಿಗೆ ತೋರಿಸಿ ಶುರುಮಾಡುವುದು. ಒಂಟಿ ಕ್ವಾರ್ಟ್ಜಿಗೆ ಆ ಟೇಬಲ್ಲುಗಳಲ್ಲಿ ಇರುವುದೆಲ್ಲ ತನ್ನದೇ. ಏಳುವಾಗಲೇ ಎಲ್ಲವನ್ನೂ ಗುಡಿಸಿ "ರಿಪೇರಿ" ಮಾಡುತ್ತದೆ. ಡೇಟಾಬೇಸಿನ ಪಾಸ್‌ವರ್ಡ್ ಡೆವಲಪರ್‌ಗಳ ಲ್ಯಾಪ್‌ಟಾಪಿನಲ್ಲಿ ಏಕೆ ಇರಬಾರದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಶೆಡ್‌ಲಾಕ್: ಇದು ಬೀಗ, ಕಾವಲುಗಾರ ಅಲ್ಲ

ಜಾವಾದ ಸ್ಪ್ರಿಂಗ್ ಚೌಕಟ್ಟಿನಲ್ಲಿ ಹೊತ್ತು ನಿಗದಿಯಾದ (ಶೆಡ್ಯೂಲ್ಡ್) ಮೆಥಡ್ಡಿನ ಮೇಲೆ ಒಂದು ಸಾಲು ಸೇರಿಸಿದರೆ ಮುಗಿಯಿತು ಎನ್ನುವ ಸರಳತೆಗೆ ಎಲ್ಲರೂ ಮರುಳಾಗುತ್ತಾರೆ. ನಾನೂ ಆಗಿದ್ದೆ. ಟೇಬಲ್ಲಿನಲ್ಲಿ ಒಂದು ಸಾಲು, ಅದರಲ್ಲಿ ಬೀಗ ಯಾವಾಗಿನವರೆಗೆ ಎಂಬ ಸಮಯ. ಸರ್ವರ್ ಸತ್ತರೆ ಆ ಸಮಯ ಮುಗಿಯುವವರೆಗೆ ಯಾರೂ ಕೆಲಸ ಮುಟ್ಟುವಂತಿಲ್ಲ.

ಹತ್ತು ನಿಮಿಷದ ಕೆಲಸಕ್ಕೆ 'ಲಾಕ್ ಅಟ್ ಮೋಸ್ಟ್' (ಬೀಗದ ಗರಿಷ್ಠ ಕಾಲ) ಅರ್ಧ ಗಂಟೆ ಇಟ್ಟಿದ್ದೀರಿ, ಎರಡನೇ ನಿಮಿಷಕ್ಕೆ ಸರ್ವರ್ ಬಿತ್ತು: ಇಪ್ಪತ್ತೆಂಟು ನಿಮಿಷ ಬೀಗ ಬಿದ್ದೇ ಇರುತ್ತದೆ. ಗಂಟೆಗೊಮ್ಮೆಯ ಕೆಲಸವಾದರೆ ನಷ್ಟವಿಲ್ಲ. ಆದರೆ ದಿನಕ್ಕೊಮ್ಮೆ ರಾತ್ರಿ ಒಂದೂವರೆಗೆ ಓಡುವ ಕೆಲಸವಾದರೆ? ಬೀಗ ಎರಡು ಗಂಟೆಗೇ ಬಿಚ್ಚಿಕೊಳ್ಳುತ್ತದೆ, ನಿಜ. ಕೆಲಸವನ್ನು ಮತ್ತೆ ಕರೆಯುವವರು ಯಾರೂ ಇಲ್ಲ. ಮುಂದಿನ ಓಟ ನಾಳೆ ರಾತ್ರಿ. ಅರ್ಧಕ್ಕೆ ನಿಂತದ್ದಕ್ಕೂ ಹೊತ್ತು ಮೀರಿದ್ದಕ್ಕೂ ಇಲ್ಲಿ ಉತ್ತರ ಒಂದೇ, ಮೌನ. ಕಾಲವನ್ನು ಕಡಿಮೆ ಇಡೋಣ ಎಂದರೆ, ಕೆಲಸ ಒಂದು ದಿನ ತಡವಾದಾಗ ಬೀಗ ನಡುವೆಯೇ ಬಿಚ್ಚಿಕೊಂಡು ಇಬ್ಬರು ಒಳಗೆ ಬರುತ್ತಾರೆ. ಓಡುತ್ತಿರುವಾಗ ಬೀಗವನ್ನು ಆಗಾಗ ಮುಂದೂಡುವ 'ಕೀಪ್ ಅಲೈವ್' ಬಳಸಿದರೆ ಈ ಎರಡನೆಯ ತೊಂದರೆ ಕಡಿಮೆಯಾಗುತ್ತದೆ.

ಕ್ರ್ಯಾಶ್ ಆದ ಮೇಲೆ ಅವಸರದಲ್ಲಿ ಆ ಟೇಬಲ್ಲಿನ ಸಾಲನ್ನು ಡಿಲೀಟ್ ಮಾಡಬೇಡಿ. ಇರುವ ಸಾಲುಗಳನ್ನು ಶೆಡ್‌ಲಾಕ್ ನೆನಪಿನಲ್ಲಿಟ್ಟುಕೊಂಡಿರುತ್ತದೆ. ಅಳಿಸಿದರೆ ಆ್ಯಪ್ ರೀಸ್ಟಾರ್ಟ್ ಆಗುವವರೆಗೆ ಹೊಸ ಸಾಲು ಹುಟ್ಟುವುದಿಲ್ಲ, ಕೆಲಸವೂ ಓಡುವುದಿಲ್ಲ. ಬೀಗದ ಸಮಯವನ್ನು ಹಿಂದಕ್ಕೆ ತಿದ್ದಿದರೆ ಸಾಕು.

ಪದೇ ಪದೇ ಓಡುವ, ತಪ್ಪಿದರೂ ಮುಂದಿನದು ಸರಿದೂಗಿಸುವ ಕೆಲಸಗಳಿಗೆ ಶೆಡ್‌ಲಾಕ್ ಚೆನ್ನ. ಬಟವಾಡೆಗೆ ಬೇಡ.

ಡಿಬಿ-ಶೆಡ್ಯೂಲರ್: ಹೊಸದಾಗಿ ಶುರುಮಾಡುವವರಿಗೆ ನನ್ನ ಮೊದಲ ಮಾತು ಇದು

ಕ್ವಾರ್ಟ್ಜಿನ ಹನ್ನೊಂದು ಟೇಬಲ್ಲುಗಳ ಜಾಗದಲ್ಲಿ ಇದಕ್ಕೆ ಒಂದೇ ಟೇಬಲ್. ಯಾರು ಎತ್ತಿಕೊಂಡರು, ಕೊನೆಯ ಹೃದಯಬಡಿತ ಯಾವಾಗ ಎಂಬುದು ಅದೇ ಸಾಲಿನಲ್ಲಿ ಕಣ್ಣಿಗೆ ಕಾಣುತ್ತದೆ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಕ್ವೆರಿ ಬರೆಯುವವನಿಗೆ ಇದು ಸಣ್ಣ ಉಪಕಾರವಲ್ಲ. ಕ್ವಾರ್ಟ್ಜಿನಲ್ಲಾದರೆ ಹದಿಮೂರು ಅಂಕಿಯ ಮಿಲಿಸೆಕೆಂಡುಗಳನ್ನು ಗಂಟೆಗೆ ಬದಲಿಸುತ್ತಾ ಕೂರಬೇಕು.

ಬಡಿತ ತಪ್ಪಿದ ಕೆಲಸವನ್ನು 'ಡೆಡ್' ಎಂದು ಗುರುತಿಸಿ, ಡೀಫಾಲ್ಟಾಗಿ ತಕ್ಷಣಕ್ಕೆ ಮರುನಿಗದಿ ಮಾಡುತ್ತದೆ. ಅಂದರೆ ಅರ್ಧಕ್ಕೆ ನಿಂತದ್ದನ್ನು ನೀವು ಕೇಳದೆಯೇ ಮತ್ತೆ ಓಡಿಸುತ್ತದೆ, ಕ್ವಾರ್ಟ್ಜಿನ ಸ್ವಭಾವಕ್ಕೆ ನೇರ ವಿರುದ್ಧ. ಹೊತ್ತು ಮೀರಿದ್ದೂ ಟೇಬಲ್ಲಿನಲ್ಲಿ ಹಳೆಯ ಸಮಯ ಹೊತ್ತು ಕೂತಿರುತ್ತದೆ, ಸರ್ವರ್ ಎದ್ದ ಕೂಡಲೇ ಒಂದು ಸಲ ಓಡಿ ಮುಂದಿನ ಸರದಿಗೆ ಹೋಗುತ್ತದೆ.

ಒಂದು ಎಚ್ಚರ: ಬಡಿತ ಡೀಫಾಲ್ಟಾಗಿ ಐದು ನಿಮಿಷಕ್ಕೊಮ್ಮೆ, ಆರು ತಪ್ಪಿದರೆ ಸತ್ತಂತೆ. ಲೆಕ್ಕ ಹಾಕಿ, ಅರ್ಧ ಗಂಟೆ. ಬಟವಾಡೆಗೆ ಅರ್ಧ ಗಂಟೆ ತಡವಾದರೆ ಯಾರೂ ಕೇಳುವುದಿಲ್ಲ. ಸಂಜೆಯ ಹಾಲು ಅಳೆದ ಕೂಡಲೇ ಚೀಟಿ ಬರಬೇಕಾದಲ್ಲಿ ಅರ್ಧ ಗಂಟೆ ಎಂದರೆ ಡೈರಿ ಮುಂದೆ ಸಾಲು ನಿಂತಿರುತ್ತದೆ. ಅಂಥಲ್ಲಿ ಬಡಿತವನ್ನು ಒಂದು ನಿಮಿಷಕ್ಕೋ ಅದಕ್ಕಿಂತ ಕಡಿಮೆಗೋ ಇಳಿಸಿ.

ಒಂದೇ ಸರ್ವರ್, ಒಂದು ಟೈಮರ್

ನಗಬೇಡಿ. ಒಂದು ಸಂಘ, ದಿನಕ್ಕೆ ನಾಲ್ಕು ಕೆಲಸ ಎನ್ನುವವರಿಗೆ ಕ್ಲಸ್ಟರ್ ಎಂಬುದೇ ಹೊಸ ರೋಗ. ಲಿನಕ್ಸಿನ ಹಳೆಯ ಟೈಮರ್ ಆದ ಬರೀ ಕ್ರಾನ್ ತಪ್ಪಿದ್ದನ್ನು ಹಿಡಿಯುವುದಿಲ್ಲ. ಲಿನಕ್ಸಿನಲ್ಲಿ ಸರ್ವೀಸುಗಳನ್ನು ಎಬ್ಬಿಸುವ ಸಿಸ್ಟಂಡಿಯ ಟೈಮರಿನಲ್ಲಿ 'ಪರ್ಸಿಸ್ಟೆಂಟ್' ಹಾಕಿದರೆ ಸರ್ವರ್ ಎದ್ದ ಕೂಡಲೇ ತಪ್ಪಿದ ಓಟವನ್ನು ಒಮ್ಮೆ ಓಡಿಸುತ್ತದೆ. ಆದರೆ ಕೊನೆಯ ಓಟದ ಸಮಯವನ್ನು ಅದು ಕೆಲಸ ಶುರುವಾಗುವಾಗಲೇ ಡಿಸ್ಕಿಗೆ ಬರೆದಿರುತ್ತದೆ. ಆದ್ದರಿಂದ ಹೊತ್ತು ಮೀರಿದ್ದು ಸಿಕ್ಕೀತು, ಅರ್ಧಕ್ಕೆ ನಿಂತದ್ದು ಸಿಗದು. ಜೊತೆಗೆ, ಎರಡು ಓಟ ಒಟ್ಟಿಗೆ ಆಗದಂತೆ ಫೈಲಿಗೆ ಬೀಗ ಹಾಕುವ ಎಫ್‌ಲಾಕ್ ಬಳಸಿ. ಓಡುತ್ತಿರುವ ಪ್ರೊಸೆಸ್ಸಿನ ನಂಬರು ಬರೆದಿಡುವ ಪಿಐಡಿ ಫೈಲು ಸರ್ವರ್ ಸತ್ತ ಮೇಲೂ ಹೆಣದಂತೆ ಬಿದ್ದಿರುತ್ತದೆ. ಎಫ್‌ಲಾಕ್ ಪ್ರೊಸೆಸ್ ಸತ್ತ ಕೂಡಲೇ ಕರ್ನೆಲ್ಲಿನಿಂದಲೇ ಬಿಡುಗಡೆಯಾಗುತ್ತದೆ.

ಕುಬರ್ನೆಟೀಸ್ ಕ್ರಾನ್‌ಜಾಬ್

ಈಗಾಗಲೇ ಕುಬರ್ನೆಟೀಸ್ (ಹಲವು ಯಂತ್ರಗಳ ಮೇಲೆ ಕೆಲಸಗಳನ್ನು ಹಂಚಿ ಓಡಿಸುವ ವ್ಯವಸ್ಥೆ) ಇದ್ದರೆ ಸರಿ, ಶೆಡ್ಯೂಲರಿಗಾಗಿ ಅದನ್ನು ತರಬೇಡಿ. ನೋಡ್, ಅಂದರೆ ಅದರ ಒಂದು ಯಂತ್ರ, ಬಿದ್ದರೆ ಅದರ ಮೇಲೆ ಕೆಲಸ ಓಡಿಸುತ್ತಿದ್ದ ಪೊಟ್ಟಣವನ್ನು (ಪಾಡನ್ನು) ತೆರವು ಮಾಡುವ ಮುನ್ನ ಡೀಫಾಲ್ಟಾಗಿ ಐದು ನಿಮಿಷ ಕಾಯುತ್ತದೆ, ನೋಡ್ ಬಿದ್ದಿದೆ ಎಂದು ಗೊತ್ತಾಗುವ ಹೊತ್ತು ಬೇರೆ. 'ಫರ್ಬಿಡ್' (ಹಿಂದಿನದು ಮುಗಿಯದೆ ಮುಂದಿನದು ಬೇಡ) ಹಾಕಿದ್ದರೆ ಹಳೆಯದು ಇನ್ನೂ ಓಡುತ್ತಿದೆ ಎಂಬ ಲೆಕ್ಕದಲ್ಲಿ ಆ ನಡುವಿನ ಸರದಿಗಳು ಹಾರಿಹೋಗುತ್ತವೆ. ಒಂದೇ ಸರದಿಗೆ ಎರಡು ಜಾಬ್ ಹುಟ್ಟಬಹುದು, ಒಂದೂ ಹುಟ್ಟದೇ ಇರಬಹುದು ಎಂದು ಅವರ ದಾಖಲೆಯೇ ಪ್ರಾಮಾಣಿಕವಾಗಿ ಹೇಳುತ್ತದೆ. ಟೈಮ್ ಜೋನ್ ಬರೆಯಲು ಮರೆಯಬೇಡಿ. ಕಂಟ್ರೋಲರ್ ಯುಟಿಸಿಯಲ್ಲಿದ್ದರೆ ನಮ್ಮ ಮಧ್ಯರಾತ್ರಿ ಅದಕ್ಕೆ ಹಿಂದಿನ ದಿನದ ಸಂಜೆ ಆರೂವರೆ, ತಿಂಗಳ ಮೊದಲ ದಿನದ ಕೆಲಸ ಎರಡನೇ ತಾರೀಖಿನ ಬೆಳಗಿನ ಜಾವಕ್ಕೆ ಹೋಗಿ ಬೀಳಬಹುದು.

ಪೈಥಾನ್ ಮಂದಿಗೆ ಒಂದೇ ಮಾತು: ಸೆಲರಿ ಬೀಟ್ (ಸೆಲರಿಯಲ್ಲಿ ಹೊತ್ತಿಗೆ ಕೆಲಸ ಕೂಗುವ ಭಾಗ) ಒಂದೇ ಇರಬೇಕು, ಎರಡು ಓಡಿಸಿದರೆ ಎಲ್ಲವೂ ಎರಡೆರಡು. ಕೆಲಸಗಳನ್ನು ವರ್ಕರುಗಳಿಗೆ ದಾಟಿಸುವ ಬ್ರೋಕರ್ ರೆಡಿಸ್ ಆಗಿದ್ದು ಕೆಲಸ ಮುಗಿದ ಮೇಲೆ ಒಪ್ಪಿಗೆ ಕಳಿಸುವ ಸೆಟ್ಟಿಂಗ್ ಇದ್ದರೆ, ಸತ್ತ ವರ್ಕರಿನ ಕೆಲಸ ಮರಳಿ ಸರದಿಗೆ ಬರಲು ಡೀಫಾಲ್ಟಾಗಿ ಒಂದು ಗಂಟೆ. ಒಂದು ಗಂಟೆಗಿಂತ ಉದ್ದದ ಕೆಲಸವನ್ನು ಯಾರೂ ಸಾಯದೆಯೇ ಎರಡನೆಯವನಿಗೂ ಕೊಡುತ್ತದೆ.

ಹಾಗಾದರೆ ಯಾವುದು?

ಹಣ ಮುಟ್ಟುವ ಕೆಲಸಕ್ಕೆ ಕ್ವಾರ್ಟ್ಜ್ ಅಥವಾ ಡಿಬಿ-ಶೆಡ್ಯೂಲರ್, ಆದರೆ ಟೇಬಲ್ಲಿಗೆ ಯುನೀಕ್ ಕೀ ಹಾಕಿದ ಮೇಲೆ ಮಾತ್ರ. ಕೀ ಇಲ್ಲದಿದ್ದರೆ ರಿಕವರಿ ಆಫ್ ಇರಲಿ, ಬೆಳಗ್ಗೆ ಮನುಷ್ಯರು ನೋಡಿ ಓಡಿಸಲಿ. ಮೆಸೇಜಿಗೆ ಕೀ ಹಾಕಿದರೂ ಒಂದು ಸಂದು ಉಳಿಯುತ್ತದೆ: ಗೇಟ್‌ವೇಗೆ ಕೊಟ್ಟಾಗಿದೆ, "ಕಳಿಸಿದೆ" ಎಂದು ಬರೆಯುವ ಮುನ್ನ ಕರೆಂಟ್ ಹೋಯಿತು. ಅಲ್ಲಿ ನಾನು ಎರಡು ಮೆಸೇಜು ಹೋಗಲಿ ಎಂಬ ಕಡೆಗೆ. ಬ್ಯಾಂಕ್ ಫೈಲಿನಲ್ಲಿ ಅದೇ ಸಂದು ಬಂದರೆ ಹೋಗದೇ ನಿಲ್ಲಲಿ ಎಂಬ ಕಡೆಗೆ. ವರದಿ, ಕ್ಯಾಶ್ ತೊಳೆಯುವುದು, ಹಳೇ ಲಾಗ್ ಅಳಿಸುವುದು, ಇವಕ್ಕೆ ಶೆಡ್‌ಲಾಕ್ ಧಾರಾಳ. ಗಂಟೆಗಟ್ಟಲೆ ಓಡುವ ಬ್ಯಾಚಿಗೆ ನಿಂತ ಜಾಗದಿಂದ ಮುಂದುವರಿಯುವ ಸ್ಪ್ರಿಂಗ್ ಬ್ಯಾಚ್ ಬೇಕು, ಶೆಡ್ಯೂಲರ್ ಅದನ್ನು ಎಬ್ಬಿಸಿದರೆ ಸಾಕು. ಅದರಲ್ಲೂ ಹಠಾತ್ ಸತ್ತ ಓಟ 'ಸ್ಟಾರ್ಟೆಡ್' ಎಂದೇ ಉಳಿದು ಮರುಓಟಕ್ಕೆ ಬಾಗಿಲು ಹಾಕಿರುತ್ತದೆ. 'ಫೇಲ್ಡ್' ಎಂದು ತಿದ್ದಿ ಮುಗಿದ ಸಮಯ ತುಂಬಿದ ಮೇಲೇ ಬಾಗಿಲು ತೆರೆಯುವುದು.

ಬಿದ್ದ ಮೇಲೆ ಎಬ್ಬಿಸುವ ಕ್ರಮ

ಮೊದಲು ಗಡಿಯಾರ. ಈಗ ನಮ್ಮಲ್ಲಿ ಸಮಯ ಸರಿಯಾಗುವವರೆಗೆ ಆ್ಯಪ್ ಏಳುವುದೇ ಇಲ್ಲ. ಕ್ರೋನಿ ಕಾಯುವ ಸರ್ವೀಸು ಮತ್ತು ಸಿಸ್ಟಂಡಿಯ ಟೈಮ್-ಸಿಂಕ್ ಗುರಿಯ ಹಿಂದೆ ಅದನ್ನು ಕಟ್ಟಿಹಾಕಿದ್ದೇವೆ. ಆಮೇಲೆ ಡೇಟಾಬೇಸ್. ಪೋಸ್ಟ್‌ಗ್ರೆಸ್ ತನ್ನ ಲಾಗ್ ಓದಿಕೊಂಡು ತಾನೇ ಸರಿಹೋಗುತ್ತದೆ, ಅದಕ್ಕೆ ಹೊತ್ತು ಕೊಡಿ. ಆಮೇಲೆ, ಶೆಡ್ಯೂಲರ್ ಎಬ್ಬಿಸುವ ಮುನ್ನ, ಫೈರ್ಡ್ ಟ್ರಿಗರ್ಸ್ ಟೇಬಲ್ಲಿನ ನಕಲು ತೆಗೆದಿಡಿ. ರಿಕವರಿ ಆದ ಮೇಲೆ ಆ ಸಾಲುಗಳು ಇರುವುದಿಲ್ಲ. ಯಾವ ಕೆಲಸ ಅರ್ಧಕ್ಕೆ ನಿಂತಿತ್ತು ಎಂಬುದಕ್ಕೆ ಶೆಡ್ಯೂಲರಿನ ಬಳಿ ಇರುವ ಸಾಕ್ಷಿ ಅದೊಂದೇ. ಆಮೇಲೆ ಒಂದು ಸರ್ವರನ್ನು ಮಾತ್ರ, ಆಟೋ ಸ್ಟಾರ್ಟ್ ಆಫ್ ಮಾಡಿ ಎಬ್ಬಿಸಿ, ಟ್ರಿಗರ್‌ಗಳ ಮೇಲೆ ಕಣ್ಣಾಡಿಸಿ, ಬೇಡದ್ದನ್ನು ನಿಲ್ಲಿಸಿ, ಶುರುಮಾಡಿ. 'ಬ್ಲಾಕ್ಡ್' ಆಗಿದ್ದವು ರಿಕವರಿಯಲ್ಲಿ ತಾವೇ ಬಿಡಿಸಿಕೊಳ್ಳುತ್ತವೆ. ಮೊದಲ ಸುತ್ತು ನೆಟ್ಟಗೆ ಓಡಿತು ಎಂದ ಮೇಲೆ ಎರಡನೆಯ ಸರ್ವರ್.

ಆರಿಸುವ ಮುನ್ನ ಪರೀಕ್ಷೆ ಮಾಡಿಕೊಳ್ಳಿ. ಪ್ರೊಸೆಸ್ಸನ್ನು ಕಿಲ್ ಮಾಡಿದರೆ ಸಾಲದು, ಗಡಿಯಾರದ ತಪ್ಪು ಅದರಲ್ಲಿ ಬಯಲಾಗುವುದಿಲ್ಲ. ಒಂದು ಶನಿವಾರ ಮಧ್ಯಾಹ್ನ ನಾವು ಪರೀಕ್ಷೆಗೆಂದೇ ಇಟ್ಟ ಎರಡು ಯಂತ್ರಗಳಲ್ಲಿ ಕೆಲಸ ಓಡುತ್ತಿರುವಾಗಲೇ ಒಂದರ ಪ್ಲಗ್ ಕಿತ್ತೆವು. ಇಪ್ಪತ್ತಾರನೆಯ ಸೆಕೆಂಡಿಗೆ ಇನ್ನೊಂದು ಎತ್ತಿಕೊಂಡಿತು. ಎಲ್ಲರೂ ಖುಷಿಯಾಗಿ ಕಾಫಿಗೆ ಹೋಗಿ ಬಂದು, ಈ ಸಲ ಪ್ಲಗ್ ಬಿಟ್ಟು ನೆಟ್‌ವರ್ಕ್ ಕೇಬಲ್ ಮಾತ್ರ ಕಿತ್ತೆವು. ಮತ್ತೊಂದು ಯಂತ್ರ ಕೆಲಸ ಎತ್ತಿಕೊಂಡಿತು, ಮೊದಲನೆಯದೂ ಬಿಡಲಿಲ್ಲ. ಅದು ಸತ್ತಿರಲಿಲ್ಲವಲ್ಲ, ಹಾಜರಿ ಹಾಕಲು ಆಗುತ್ತಿರಲಿಲ್ಲ ಅಷ್ಟೆ. ಮೂರು ನಿಮಿಷದ ಮೇಲೆ ಕೇಬಲ್ ಮರಳಿ ಹಾಕಿದಾಗ ಅದು ಕೈಲಿದ್ದ ಲೆಕ್ಕವನ್ನು ಬರೆಯಲು ಬಂದು, ಯುನೀಕ್ ಕೀಗೆ ಢಿಕ್ಕಿ ಹೊಡೆದು, ಲಾಗಿನಲ್ಲಿ ಕೆಂಪು ಸಾಲುಗಳನ್ನು ಸುರಿಯಿತು. ಮೆಸೇಜಿನ ಟೇಬಲ್ಲಿನಿಂದಲೂ ಈ ಸಲ ಅದೇ ಕೆಂಪು ಸಾಲುಗಳು ಬಂದವು.